ಎಡ ಸೊಂಟದ ಏಳು ಗುಳ್ಳೆ

ಮೊಮ್ಮಗಳು ಗುಬ್ಬಿಯನ್ನು ನಾನು ಮುಟ್ಟಿ ತೊಂಬತ್ತೆಂಟು ದಿನವಾಗಿತ್ತು. ನನ್ನ ಲೆಕ್ಕದಲ್ಲಿ ಒಂಬೈನೂರು ವರ್ಷ. ಅವಳ ಲಿವರ್ ಕೆಟ್ಟಿತ್ತು, ನನ್ನ ಮಗ ತನ್ನದರಲ್ಲೇ ಒಂದು ತುಂಡು ಕೊಟ್ಟ. ಅದನ್ನು ಮೈ ಒದ್ದು ಹೊರಹಾಕಬಾರದೆಂದು ಕೊಡುವ ಮಾತ್ರೆ ಮೈಯೊಳಗಿನ ಕಾವಲುಗಾರರನ್ನೇ ಮಲಗಿಸಿಬಿಡುತ್ತದಂತೆ. ನನ್ನದೊಂದು ನೆಗಡಿ ಸಾಕು, ಅವಳು ಮತ್ತೆ ಆಸ್ಪತ್ರೆಗೆ.

ಕೊನೆಗೂ ಡಾಕ್ಟರು, ಅಜ್ಜಿ ಬರಬಹುದು ಎಂದರು. ಆ ಬೆಳಿಗ್ಗೆ ಎರಡು ಸಲ ಸ್ನಾನ ಮಾಡಿದೆ. ಎರಡನೆಯ ಸಲ ಉಜ್ಜುವಾಗ ಎಡ ಸೊಂಟ ಚುರ್ರೆಂದಿತು. ಕನ್ನಡಿ ಹಿಡಿದು ನೋಡಿದರೆ ಸಾಲಾಗಿ ಏಳು ನೀರುಗುಳ್ಳೆ. ಬೆವರುಸಾಲೆ ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಯಾರಪ್ಪನ ಅಪ್ಪಣೆ ಬೇಕು?

ಮಗನ ಮನೆ ಬಾಗಿಲಲ್ಲಿ ಸೊಸೆ ಡಾಕ್ಟರ ಪ್ರಶ್ನೆಗಳ ಚೀಟಿ ಹಿಡಿದು ನಿಂತಿದ್ದಳು.

"ಕೆಮ್ಮು?"

"ನಾನು ಕೆಮ್ಮಿದ್ರೆ ಬೀದಿ ದೀಪ ಆರೋಗುತ್ತೆ. ನಿಂಗೆ ಗೊತ್ತಾಗ್ತಿರ್ಲಿಲ್ವಾ?"

"ತಮಾಷೆ ಬೇಡ ಅತ್ತೆ. ಮೈಮೇಲೆ ಗುಳ್ಳೆ?"

"ಗುಳ್ಳೆ ಏಳೋಕೆ ನಾನೇನು ಹದಿನಾರರ ಹುಡುಗೀನಾ?"

ಅವಳು ನಕ್ಕು ಒಳಗೆ ಬಿಟ್ಟಳು. ಆ ಮುಖದಲ್ಲಿ ನಗು ನೋಡಿ ತಿಂಗಳುಗಳಾಗಿದ್ದವು.

ಗುಬ್ಬಿ ಸೋಫಾದಿಂದ ಧುಮುಕಿ ಓಡಿಬಂದಳು. ಮಾತ್ರೆಯಿಂದ ಕೆನ್ನೆ ಊದಿ ಬನ್ನಿನಂತಾಗಿದ್ದವು. "ಅಜ್ಜೀ, ಎತ್ಕೋ!" ಚಾಚಿದ ಕೈಗಳು ಸರಿಯಾಗಿ ನನ್ನ ಸೊಂಟದ ಎತ್ತರಕ್ಕೇ ಬರುತ್ತಿದ್ದವು.

"ನಿಲ್ಲು! ಮುಟ್ಬೇಡ!" ಎಂದು ಕಿರುಚಿ ಹೊಸ್ತಿಲಾಚೆ ಹಾರಿದೆ. ಈ ಮೊಣಕಾಲಲ್ಲಿ!

"ಸರ್ಪಸುತ್ತು ಕಣೇ," ಸೊಸೆಗೆ ಹೇಳಿದೆ. "ಬೆಳಿಗ್ಗೇನೇ ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಆ ಗುಳ್ಳೆ ವೈರಸ್ಸು ಅವಳಿಗೆ ಹತ್ತಿದ್ರೆ ಜೀವಕ್ಕೇ ಬರುತ್ತೆ ಅತ್ತೆ," ಎಂದು ಬಾಗಿಲು ಹಾಕಿ ಡಾಕ್ಟರಿಗೆ ಫೋನು ಹಚ್ಚಿದಳು.

ಒಳಗಿನಿಂದ ಗುಬ್ಬಿಯ ದನಿ: "ಅಜ್ಜಿಗೆ ನಾನು ಬೇಡ್ವಾ?"

"ಬೇಕು ಕಣೇ! ಈ ಮುದಿ ಸೊಂಟ ಕೈಕೊಡ್ತು!" ಎಂದು ಕೂಗಿದೆ. ಯಾರೂ ನಗಲಿಲ್ಲ.

ಸ್ವಲ್ಪ ಹೊತ್ತಿಗೆ ಸೊಸೆ ಬಾಗಿಲ ಸಂದಿಯಿಂದಲೇ ಹೇಳಿದಳು: ಮಗುವಿನ ಮೇಲೆ ಮೂರು ವಾರ ಕಣ್ಣಿಡಬೇಕು, ನನ್ನ ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೆ ನಾನು ಇತ್ತ ಸುಳಿಯಬಾರದು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತೆ. ಮುಂದಿನ ನಿಲ್ದಾಣದಲ್ಲಿ ಎಳೆಗೂಸು ಎತ್ತಿಕೊಂಡವಳೊಬ್ಬಳು ಹತ್ತಿ ನನ್ನ ಪಕ್ಕದ ಸೀಟಿಗೆ ಬಂದಳು. ನಾನು ಎದ್ದು ಹಿಂದಿನ ಬಾಗಿಲಿಗೆ ಹೋಗಿ ಕಂಬಿ ಹಿಡಿದು ನಿಂತೆ.

"ಅಯ್ಯೋ, ಕೂತ್ಕೊಳ್ಳಿ ಅಜ್ಜಿ, ಜಾಗ ಇದೆಯಲ್ಲ!"

"ಬೇಡಮ್ಮ. ನಂಗೆ ನಿಂತ್ಕೊಳ್ಳೋದೇ ಇಷ್ಟ."