ಹೊಳಪಿನ ಕೋಣೆ

ಕಾರ್ಖಾನೆಯ ಗೇಟಿಗೆ ಹಸಿರು ಬಣ್ಣ ಬಳಿಸುತ್ತಿರುವ ತಮ್ಮನನ್ನು ಕಂಡಾಗಲೇ ದೊಡ್ಡಕ್ಕನಿಗೆ ಮೈ ಉರಿದುಹೋಯಿತು.

ಅದು ಅಪ್ಪ ಕಟ್ಟಿದ ಕುರ್ಚಿ-ಮೇಜಿನ ಕಾರ್ಖಾನೆ. ಅಪ್ಪ ಹೋದ ಮೇಲೆ ಇಬ್ಬರಿಗೂ ಸಮಪಾಲು ಬಂತು. ತಮ್ಮ ಯಜಮಾನನಾಗಿ ಮುಂದಿನ ಕೋಣೆಯಲ್ಲಿ ಕೂತ. ಅಕ್ಕ ಹಿಂದಿನ ಪಾಲಿಶ್ ಕೋಣೆಯನ್ನು ಹಿಡಿದಳು. ಆಕೆಯಿಂದ ಒಂದು ಒಳ್ಳೆಯ ಮಾತು ಹೊರಡಿಸುವುದಕ್ಕಿಂತ ಗರಗಸಕ್ಕೆ ಮುತ್ತಿಡುವುದು ಮೇಲು ಎಂದು ಕೆಲಸಗಾರರು ಆಡಿಕೊಳ್ಳುತ್ತಿದ್ದರು. ಅದು ಆಕೆಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ದೊಡ್ಡ ದೊಡ್ಡ ಅಂಗಡಿಗಳಿಗೆ ಮಾಲು ಹಾಕುವ ಕಂಪನಿಯೊಂದು ಪಟ್ಟು ಹಿಡಿದಿತ್ತು. ಮರ, ಗಾಳಿ, ನೀರು, ಕೆಲಸದವರ ಆರೋಗ್ಯ, ಯಾವುದನ್ನೂ ಹಾಳುಮಾಡದೆ ಕೆಲಸ ನಡೆಯುತ್ತಿದೆಯೆಂದು ಹೊರಗಿನವರು ಬಂದು ಪರೀಕ್ಷಿಸಿ ಹೇಳಬೇಕು, ಆಮೇಲೆಯೇ ವ್ಯಾಪಾರ. ತಮ್ಮ ಆ ಕೂಡಲೇ ಬಣ್ಣದವನನ್ನು ಕರೆಸಿದ. ಬಾಡಿಗೆಗೆ ಹೂಕುಂಡಗಳನ್ನು ತರಿಸಿದ. ಕುರ್ಚಿಗಳ ಬೆನ್ನಿಗೆಲ್ಲ ಒಂದೊಂದು ಎಲೆಯ ಚಿತ್ರ ಕೊರೆಸಿ, ಅದು ಸವೆಯದಿರಲೆಂದು ಪದರದ ಮೇಲೆ ಪದರ ಪ್ಲಾಸ್ಟಿಕ್ ಸುತ್ತಿಸಿದ.

"ಅಕ್ಕಾ, ಇನ್ಮೇಲೆ ನಮ್ದು ಸುಸ್ತಿರ ಕಾರ್ಖಾನೆ" ಎಂದ ಎದೆಯುಬ್ಬಿಸಿ.

"ಸುಸ್ಥಿರ ಅನ್ನೋಕೇ ನಾಲಿಗೆ ಹೊರಳಲ್ಲ, ಆಗೋಕೆ ಹೊರಟ. ಸುಸ್ತಾಗಿರೋರು ನಾವು ಕಣೋ."

ಪರೀಕ್ಷೆಗೆ ಬಂದವಳು ಕುಳ್ಳಗಿನ, ಸವೆದ ಚಪ್ಪಲಿಯ ಹೆಂಗಸು. ಕಂಡದ್ದನ್ನೆಲ್ಲ ಮೂಸುವ ಚಾಳಿ ಆಕೆಯದು. ಹಲಗೆ ಮೂಸಿದಳು, ಅಂಟಿನ ಡಬ್ಬಿ ಮೂಸಿದಳು, ಹೊಸ ಗೇಟನ್ನೂ ಬಿಡಲಿಲ್ಲ. ಕೆಲಸಗಾರರು ಅಲ್ಲೇ 'ಮೂಸೋ ಮೇಡಂ' ಎಂದು ಹೆಸರಿಟ್ಟರು. ಜ್ಯೂಸು ಕುಡಿದು ಸಹಿ ಹಾಕಿ ಹೋಗುವ ಇನ್ನೊಂದು ಗಿರಾಕಿ ಎಂದುಕೊಂಡು ದೊಡ್ಡಕ್ಕ ಬಾಗಿಲಿಗೊರಗಿ ನಿಂತಳು.

ಆದರೆ ಆಕೆ ಜ್ಯೂಸು ಮುಟ್ಟಲಿಲ್ಲ.

"ಈ ಮರ ಎಲ್ಲಿಂದ ಬಂತು?"

"ಕಾಡಿಂದ" ಎಂದ ತಮ್ಮ.

"ಅದು ಗೊತ್ತಾಯ್ತು. ಸಮುದ್ರದಲ್ಲಂತೂ ಬೆಳೆಯಲ್ಲ. ಯಾವ ಕಾಡು, ಕಡಿದ ಮೇಲೆ ಮತ್ತೆ ನೆಟ್ರಾ?"

ತಮ್ಮ ಕರವಸ್ತ್ರಕ್ಕೆ ಜೇಬು ತಡಕಿದ. ದೊಡ್ಡಕ್ಕನಿಗೆ ಹಬ್ಬವಾಯಿತು. ಸರಿಯಾಗಿ ಒಣಗದ ಹಲಗೆಯನ್ನು ಕೊಯ್ದು, ಅದು ಬಿರಿದ ಮೇಲೆ ಒಲೆಗೆ ಹಾಕುತ್ತೀರಲ್ಲ, ಇದೇನು ಕುರ್ಚಿ ಕಾರ್ಖಾನೆಯೋ ಸೌದೆ ಡಿಪೋವೋ ಎಂದು ಆಕೆ ಕೇಳಿದಾಗಲಂತೂ ದೊಡ್ಡಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಇಷ್ಟು ದಿನ ತಾನೊಬ್ಬಳೇ ಅವನನ್ನು ಉಗಿಯುತ್ತಿದ್ದಳು, ಈಗ ಜೊತೆ ಸಿಕ್ಕಿತು.

ಆಮೇಲೆ ಆ ಹೆಂಗಸು ಪಾಲಿಶ್ ಕೋಣೆಗೆ ಬಂದಳು. ಕನ್ನಡಿಯಂತೆ ಒರೆಸಿದ ನೆಲ, ಸಾಲಾಗಿ ಜೋಡಿಸಿದ ಡಬ್ಬಿಗಳು. ದೊಡ್ಡಕ್ಕ ಹೊಗಳಿಕೆಗೆ ಕಾದಳು. ಮೂಸೋ ಮೇಡಂ ಒಂದೇ ಉಸಿರು ಎಳೆದು ಹೊರಗೋಡಿ ಕೆಮ್ಮಿದಳು.

"ಕಿಟಕಿಗೆಲ್ಲ ಯಾಕೆ ಹಲಗೆ ಹೊಡೆದಿದೀರಿ?"

"ಧೂಳು ಕೂತ್ರೆ ಹೊಳಪು ಕೆಡುತ್ತೆ."

"ಪಾಲಿಶ್ ತೆಳುಮಾಡೋ ಥಿನ್ನರ್ ಉಳಿದದ್ದು ಎಲ್ಲಿಗೆ ಚೆಲ್ತೀರಿ?"

ದೊಡ್ಡಕ್ಕ ಮೂಲೆಯ ತೂತು ತೋರಿಸಿದಳು. ಅದು ಎಲ್ಲಿಗೆ ಹೋಗುತ್ತದೆಂದು ಆಕೆ ಎಂದೂ ಬಗ್ಗಿ ನೋಡಿರಲಿಲ್ಲ. ಈಗ ಇಬ್ಬರೂ ಹಿಂದಕ್ಕೆ ಹೋಗಿ ನೋಡಿದರು. ಚರಂಡಿಯ ಉದ್ದಕ್ಕೂ ಹುಲ್ಲು ಸುಟ್ಟು ಕರಕಲಾಗಿತ್ತು. ಅದರ ಪಕ್ಕದಲ್ಲೇ ಕೆಲಸದವರು ನೀರು ಹಿಡಿಯುವ ಕೈಪಂಪು.

"ಇಡೀ ಕಾರ್ಖಾನೇಲಿ ನಿಮ್ಮ ಕೋಣೆಯಷ್ಟು ಕೊಳಕು ಜಾಗ ಇಲ್ಲ."

"ಏನಂದ್ರಿ? ನೆಲದ ಮೇಲೆ ಅನ್ನ ಬಡಿಸ್ಕೊಂಡು ಉಣ್ಬಹುದು!"

"ನಾನು ನೆಲದ ಮಾತಾಡ್ತಿಲ್ಲ. ಗಾಳಿ, ನೀರಿನ ಮಾತಾಡ್ತಿದೀನಿ."

ಮೂಸೋ ಮೇಡಂ ಮತ್ತೆ ಒಳಗೆ ಬಂದು, ಪಾಲಿಶ್ ಹಾಕುತ್ತಿದ್ದ ಹೆಂಗಸೊಬ್ಬಳನ್ನು ಹೆಸರು ಕೇಳಿದಳು. "ಗೊಗ್ಗರಿ ಅಂತಾರೆ" ಎಂಬ ಉತ್ತರ ಉಪ್ಪುಕಾಗದ ಉಜ್ಜಿದಂತೆ ಬಂತು.

"ಗಂಟಲು ಮೊದಲಿಂದ ಹೀಗೇನಾ?"

"ಇಲ್ಲ ಮೇಡಂ. ಇಲ್ಲಿಗೆ ಸೇರಿದ ಮೇಲೆ."

ಆ ಅಡ್ಡಹೆಸರು ಇಟ್ಟವರು ಯಾರೆಂದು ಯಾರೂ ಕೇಳಲಿಲ್ಲ. ಆದರೂ ಹೆಂಗಸರೆಲ್ಲ ದೊಡ್ಡಕ್ಕನ ಕಡೆ ನೋಡಿ ತಲೆತಗ್ಗಿಸಿದರು. ಆಕೆಗೆ ಕಪಾಳಕ್ಕೆ ಬಿದ್ದಂತಾಯಿತು.

ತಮ್ಮನ ಮುಖ ಮಾತ್ರ ಅರಳಿತು. ಮೂಸೋ ಮೇಡಂ ಹೋದ ಮೇಲೆ ಅಕ್ಕನನ್ನು ಕೂರಿಸಿಕೊಂಡು ಸಮಾಧಾನ ಹೇಳಿದ. "ತಲೆ ಕೆಡಿಸ್ಕೋಬೇಡ. ಪಾಲಿಶ್ ಕೆಲಸ ರಸ್ತೆಯಾಚೆ ಕಂಟ್ರಾಕ್ಟಿಗೆ ಕೊಟ್ಬಿಡೋಣ. ಒಂದು ತಗಡಿನ ಶೆಡ್ಡು ಹಾಕಿದ್ರೆ ಆಯ್ತು. ನಮ್ಮ ಗೇಟೊಳಗೆ ಎಲ್ಲ ಶುದ್ಧ."

"ಹೆಂಗಸ್ರು?"

"ಅವ್ರೂ ಆಚೆಗೇ ಹೋಗ್ತಾರೆ."

ದೊಡ್ಡಕ್ಕ ಅವನನ್ನೇ ನೋಡಿದಳು. ಅಪ್ಪನ ಮೂಗು, ಅಪ್ಪನ ಹಣೆ, ಒಳಗೆ ಮಾತ್ರ ಗೆದ್ದಲು ತಿಂದ ಟೊಳ್ಳು. "ಥೂ, ನಿನ್ನ ಬಾಳಿಗಿಷ್ಟು. ವಿಷ ರಸ್ತೆ ದಾಟಿದ್ರೆ ಹಾಲಾಗುತ್ತೇನೋ? ನಾನು ಕಣ್ಣಿದ್ದೂ ಕುರುಡಿಯಾದೆ, ಸರಿ. ನೀನು ನೋಡ್ಕೊಂಡೇ ಮಾಡೋಕೆ ಹೊರಟಿದೀಯಲ್ಲೋ. ಅರ್ಧ ಪಾಲು ನಂದು. ಆ ಶೆಡ್ಡಿನ ತಗಡು ಒಂದೂ ಏಳಲ್ಲ."

ಹೊರಗೆ ಬಂದವಳೇ ಸುತ್ತಿಗೆ ತೆಗೆದುಕೊಂಡು ಕಿಟಕಿಗಳ ಹಲಗೆ ಕಿತ್ತಳು. ಮೂಲೆಯ ತೂತಿಗೆ ಸಿಮೆಂಟು ಮೆತ್ತಿಸಿದಳು. ಪಂಪಿನ ಹಿಡಿ ಬಿಚ್ಚಿಸಿ, ಕುಡಿಯುವ ನೀರನ್ನು ಬೇರೆ ಕಡೆಯಿಂದ ತರಿಸಿದಳು. ಗೊಗ್ಗರಿಯನ್ನು ತಾನೇ ಗಂಟಲು ಡಾಕ್ಟರ ಬಳಿ ಕರೆದೊಯ್ದಳು. ಹೋದ ದನಿ ಪೂರ್ತಿ ಮರಳುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ವಾಪಸು ಬರುವಾಗ ದೊಡ್ಡಕ್ಕ "ನಿನ್ನ ಹೆಸರೇನೇ?" ಎಂದು ಕೇಳಿದಳು. ಅವಳು ಹೇಳಿದಳು. ಚೆಂದದ ಹೆಸರು.

ನೀರಿನಲ್ಲಿ ಕಲೆಸುವ ಹೊಸ ಪಾಲಿಶ್ ಮೊದಲು ಸತ್ತ ಮೀನಿನ ಕಣ್ಣಿನಂತೆ ಮಂಕಾಗಿ ಕೂತಿತು. ತಮ್ಮ ಕುಹಕವಾಡಿದ. ಹೆಂಗಸರು ತೆಳುವಾಗಿ ಬಳಿದು, ಕಾದು, ಉಜ್ಜಿ, ಮತ್ತೆ ಬಳಿದರು. ಎಷ್ಟೋ ಕುರ್ಚಿ ಕೆಟ್ಟ ಮೇಲೆ ಒಂದು ಮೆದು ಹೊಳಪು ಬಂತು. ಅಷ್ಟರಲ್ಲಿ ಕಂಪನಿಯವರು ವ್ಯಾಪಾರ ಮುಂದೂಡಿದ್ದರು. ಬಾಡಿಗೆಯ ಹೂಕುಂಡಗಳು ಒಣಗಿ ವಾಪಸು ಹೋಗಿದ್ದವು.

ಮೂಸೋ ಮೇಡಂ ಮತ್ತೆ ಬಂದಳು. ಪಾಲಿಶ್ ಕೋಣೆಯಲ್ಲಿ ನಿಂತು ಆರಾಮಾಗಿ ಉಸಿರೆಳೆದಳು.

"ಪರವಾಗಿಲ್ಲ."

"ಹೊಗಳೋಕೂ ಜಿಪುಣತನವಾ?" ಎಂದಳು ದೊಡ್ಡಕ್ಕ.

"ಚರಂಡಿ ಮಣ್ಣು ಇನ್ನೂ ಹಾಗೇ ಇದೆಯಲ್ಲ. ಅದನ್ನ ತೆಗೆಸಿ. ಹಸಿ ಹಲಗೆ ಕೊಯ್ಯೋದೂ ನಿಂತಿಲ್ಲ. ಮರ ಒಣಗಿಸೋ ಗೂಡು ಎಲ್ಲಿದೆ, ತೋರಿಸಿ."

ದೊಡ್ಡಕ್ಕ ಸೀದಾ ಮುಂದಿನ ಕೋಣೆಗೆ ಹೋಗಿ, ಕುರ್ಚಿಯಲ್ಲಿ ತೂಕಡಿಸುತ್ತಿದ್ದ ತಮ್ಮನ ಭುಜ ಅಲ್ಲಾಡಿಸಿದಳು.

"ಏಳೋ, ಸುಸ್ತಿರ. ಮರ ಒಣಗಿಸೋ ಗೂಡು ತೋರಿಸ್ಬೇಕಂತೆ. ನೀನೇ ಬಂದು ತೋರ್ಸು."