ಹಾಳುಬಾವಿಯ ನಾಮಪೆಟ್ಟಿಗೆಗಳು

“ಇನ್ನೂ ಏಸ್ ದಿನ ಅಂತ ಯೋಳೀಯಪ್ಪ?”

ಗುರುಮಲ್ಲಮ್ಮ ಹಾಳುಬಾವಿಯ ಕಟ್ಟೆಗೆ ಕೈಯೂರಿ ಕೇಳಿದಳು. ಸುತ್ತ ಯಾರೂ ಇರಲಿಲ್ಲ. ನಡುಮಧ್ಯಾಹ್ನ. ಗುಂಡ್ಲುಪೇಟೆ ದಾಟಿ ಬಂಡೀಪುರದ ಕಡೆಗೆ ಓಡುವ ಲಾರಿಯೊಂದರ ಸದ್ದು ಹೊಲದಾಚೆ ಎದ್ದು ಅಡಗಿತು. ಅಡಗಿದ ಮೇಲೆ ಬಾವಿಯ ತಳದಿಂದ ಮತ್ತೆ ಬಂತು: ‘ಶಿವಶಿವಾ.’ ಒಂದು ಉಸಿರಿನಷ್ಟು ಬಿಡುವು. ‘ಶಿವಶಿವಾ.’

ಅದು ನಾಮಪೆಟ್ಟಿಗೆಯ ದನಿ. ಅಂಗೈಯಗಲದ ಪ್ಲಾಸ್ಟಿಕ್ ಪೆಟ್ಟಿಗೆ. ದೇವರ ಗೂಡಿನಲ್ಲಿಟ್ಟು ಗುಂಡಿ ಒತ್ತಿದರೆ ದಿನವಿಡೀ ನಾಮ ಹೇಳುತ್ತದೆ. ಕೆಟ್ಟುಹೋದ ಪೆಟ್ಟಿಗೆಯನ್ನು, ಅದನ್ನು ತಯಾರಿಸಿದ ಕಂಪನಿಯೇ ವಾಪಸು ಪಡೆದು, ಬಿಚ್ಚಿ, ವಿಷದ ಭಾಗ ಬೇರ್ಪಡಿಸಿ ವಿಲೇವಾರಿ ಮಾಡಬೇಕೆಂಬುದು ಈಗಿನ ಕಾಯಿದೆ. ಕಂಪನಿಯ ಪರವಾಗಿ ಈ ಸೀಮೆಯ ಹಳೆ ಪೆಟ್ಟಿಗೆಗಳನ್ನು ಕೂಡಿಹಾಕುವ ಗುತ್ತಿಗೆ ಬಸವಪ್ರಸಾದನದು. ಅವನ ಶೆಡ್ಡಿನಲ್ಲಿ ತೂಕ ನೋಡಿ ಚೀಟಿಗೆ ರುಜು ಹಾಕುವವಳು ಗುರುಮಲ್ಲಮ್ಮ.

ಕೂಡಿಹಾಕುವುದೇನೂ ಕಷ್ಟವಿರಲಿಲ್ಲ. ನಾಮ ಹೇಳಿದ್ದನ್ನು ಕಸಕ್ಕೆ ಎಸೆಯುವ ಧೈರ್ಯ ಉಮ್ಮತ್ತೂರಿನಲ್ಲೂ ಕುದೇರಿನಲ್ಲೂ ಯಾರಿಗೂ ಇಲ್ಲ. ಒಡೆದ ದೇವರ ಪಟಗಳ ಜೊತೆ ಅರಳಿಕಟ್ಟೆಯ ಮೇಲಿಟ್ಟು, ಕುಂಕುಮ ಹಚ್ಚಿ, ತಿರುಗಿ ನೋಡದೆ ಹೋಗುತ್ತಾರೆ. ಬಸವಪ್ರಸಾದನ ಆಟೋ ವಾರಕ್ಕೊಮ್ಮೆ ಕಟ್ಟೆಗಳನ್ನು ಬಳಿದುಕೊಂಡು ಬರುತ್ತಿತ್ತು. ಕಂಪನಿಯ ಲಾರಿ ಎರಡು ಸಲ ಬಂತು. ಆಮೇಲೆ ಬರಲೇ ಇಲ್ಲ. ಶೆಡ್ಡು ತುಂಬಿತು. ಒಂದು ಬೆಳಿಗ್ಗೆ ಗುರುಮಲ್ಲಮ್ಮ ಬರುವಷ್ಟರಲ್ಲಿ ಎಲ್ಲವೂ ಹಿತ್ತಲ ಈ ಹಾಳುಬಾವಿಯೊಳಗಿದ್ದವು.

ಬ್ಯಾಟರಿ ಕಿತ್ತಿಡು ಎಂದು ಬಸವಪ್ರಸಾದ ಅವಳಿಗೆ ಮೊದಲೇ ಹೇಳಿದ್ದ. ಕೆಟ್ಟಿದ್ದರೂ ಕೆಲವು ಇನ್ನೂ ನಾಮ ತೊದಲುತ್ತಿದ್ದವು; ಕೈ ಬರಲಿಲ್ಲ. ಅರ್ಧ ನಾಮಕ್ಕೆ ಬಾಯಿ ಮುಚ್ಚಿಸುವುದು ಹೇಗೆ? ಆದರೂ ಬಾವಿಗೆ ಬಿದ್ದು ಮೂರು ತಿಂಗಳು. ಎರಡು ಮಳೆ ಬಿದ್ದು ಮೇಲೆ ಕೆಸರು ಕೂತಿತ್ತು. ಯಾವ ಬ್ಯಾಟರಿ ಇಷ್ಟು ದಿನ ಬದುಕುತ್ತದೆ?

ಅವಳ ಅಪ್ಪ ಚಿಕ್ಕಬೀರಯ್ಯ ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುತ್ತಿದ್ದವನು. ಸಾಲಿನ ಕೊನೆಗೆ ಅವನು ನಿಲ್ಲಿಸಿದಾಗ ಪಕ್ಕ ಕೂತ ಮಗಳು ‘ಹೂಂ’ ಅನ್ನಬೇಕು. “ಹೂಂ ಅಂದೋರು ಸಾಕ್ಸಿ ಕಣಮ್ಮಿ. ಕಡೇಗಂಟ ಕೇಳ್ಬೇಕು, ನಡ್ವೆ ಎದ್ದೋಗಂಗಿಲ್ಲ,” ಅನ್ನುತ್ತಿದ್ದ. ಕಂಸಾಳೆಯ ಬಟ್ಟಲು ಸೀಳುಬಿಟ್ಟರೆ ಎರಡು ದಿನ ನಡೆದು, ಅದನ್ನು ಎರಕ ಹೊಯ್ದವನ ಮನೆಗೇ ಒಯ್ಯುತ್ತಿದ್ದ. ಆತ ಎರಡೂ ಕೈಯಲ್ಲಿ ಇಸಿದುಕೊಂಡು, ವಿಭೂತಿ ಇಟ್ಟು, ಕರಗಿಸುವ ಮೂಸೆಗೆ ಹಾಕುತ್ತಿದ್ದ. ಮಾಡಿದವನೇ ಮುಗಿಸಬೇಕು; ಅದರಲ್ಲಿ ಮಾತಿಗೆ ಎಡೆಯಿರಲಿಲ್ಲ.

ಹೋದ ವಾರ, ಬಾವಿಯ ದನಿ ಬಿಡುವು ಕೊಟ್ಟಾಗ, ಗುರುಮಲ್ಲಮ್ಮನ ಬಾಯಿಂದ ಹಳೆಯ ರೂಢಿಗೆ ‘ಹೂಂ’ ಬಂದುಬಿಟ್ಟಿತ್ತು. ಆ ಕ್ಷಣವೇ ಕೆಸರಿನಡಿಯಿಂದ ನೂರಾರು ದನಿಗಳು ಒಟ್ಟಿಗೆ ಎದ್ದವು. ಅಂದಿನಿಂದ ದಿನಾ ಬರುತ್ತಿದ್ದಾಳೆ. ನಡುವೆ ಎದ್ದುಹೋಗುವಂತಿಲ್ಲವಲ್ಲ.

“ಬಾವಿ ಜೊತೆ ಏನಮ್ಮ ನಿಂದು ನೆಂಟಸ್ತನ?” ಬಸವಪ್ರಸಾದ ಫೈಲು ಹಿಡಿದು ಬಂದ.

“ನಿಮ್ಗೂ ಕೇಳ್ತಾ ಅದಾ ಬುದ್ಧಿ?”

“ಕಪ್ಪೆ ಕಣಮ್ಮ. ಕಪ್ಪೆಗೂ ಭಕ್ತಿ ಬಂದದೆ ಈಗ.” ನಕ್ಕ. ಬಾವಿಯ ಕಡೆ ಮಾತ್ರ ನೋಡಲಿಲ್ಲ. “ಸಂಜೆ ಜೆಸಿಬಿ ಬತ್ತದೆ. ಮುಚ್ಚಾಕ್ಬುಟ್ರೆ ಕಪ್ಪೆನೂ ಇಲ್ಲ, ಜಪವೂ ಇಲ್ಲ. ಅದ್ಕೆ ಮುಂಚೆ ಇದುಕ್ಕೊಂದು ಸೈನ್ ಹಾಕು. ತೂಕದ ಚೀಟೀಲೆಲ್ಲ ನಿಂದೇ ಅದಲ್ಲ, ಇದ್ರಲ್ಲೂ ನಿಂದೇ ಬೇಕಂತೆ ಕಂಪನಿಯೋರ್ಗೆ.”

“ಏನ್ ಬರ್ದದೆ? ಓದಿ.”

ಅವನು ಓದಿದ: “ಸಂಗ್ರಹಿಸಿದ ಎಲ್ಲ ಪೆಟ್ಟಿಗೆಗಳೂ ಕಂಪನಿಯ ಕಾರ್ಖಾನೆಗೆ ತಲುಪಿವೆ.”

ಬಾವಿಯ ನಾಮ ನಿಂತಿತು. ತಳದಿಂದ ಒಂದೇ ಒಂದು ದನಿ ಬಂತು.

“ಹೂಂ.”

ಬಸವಪ್ರಸಾದನ ಬೆರಳು ಆ ಸಾಲಿನ ಮೇಲೆಯೇ ಉಳಿಯಿತು. ಆಮೇಲೆ ಬಡಬಡನೆ ಮುಂದಿನದನ್ನು ಓದಿದ: “ಎಲ್ಲವನ್ನೂ ನನ್ನ ಕಣ್ಣೆದುರು ಬಿಚ್ಚಿ, ನಿಯಮದಂತೆ ವಿಲೇವಾರಿ ಮಾಡಲಾಗಿದೆ.”

“ಹೂಂ.”

ಅವಸರವಿಲ್ಲದ, ಮುಂದಿನ ಸಾಲಿಗೆ ಕಾಯುವ ಹೂಂ. ಎಳೆ ಹುಡುಗಿಯ ದನಿ. ಅದು ಯಾರದೆಂದು ಗುರುಮಲ್ಲಮ್ಮನಿಗೆ ತಿಳಿಯಿತು. ಅಪ್ಪನ ಪಕ್ಕ ಕೂತಿದ್ದ, ಎಂಟು ವರ್ಷದ ತನ್ನದೇ ದನಿ.

“ಹಾಕಮ್ಮ ಸೈನು!” ಬಸವಪ್ರಸಾದನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. “ಹಾಕ್ದೆ ಇದ್ರೆ ನಾಳೆಯಿಂದ ಶೆಡ್ಡಿಗೆ ಬರಬ್ಯಾಡ... ನಿನ್ ದಮ್ಮಯ್ಯ ಅಂತೀನಿ, ಬೇಗ ಹಾಕು. ಹೋಗನ ಇಲ್ಲಿಂದ.”

ಆ ಶೆಡ್ಡು ಬಿಟ್ಟರೆ ಅವಳಿಗೆ ಬೇರೆ ಅನ್ನದ ದಾರಿಯಿರಲಿಲ್ಲ. ಬಾವಿ ಸುಮ್ಮನೆ ಕಾಯುತ್ತಿತ್ತು. ಗುರುಮಲ್ಲಮ್ಮ ಅವನು ಚಾಚಿದ ಪೆನ್ನು ತೆಗೆದುಕೊಂಡಳು, ಮುಚ್ಚಳ ಹಾಕಿದಳು, ಅವನ ಜೇಬಿಗೇ ಸಿಕ್ಕಿಸಿದಳು.

“ಆಕಕ್ಕಿಲ್ಲ ಬುದ್ಧಿ. ಮಾಡ್ದೋರೇ ಬಂದು ಎತ್ಗಂಡೋಗ್ಲಿ. ನಾನಂತೂ ಆಕಕ್ಕಿಲ್ಲ.”