ಎರಡನೇ ಕುರ್ಚಿಯ ಗುಲಾಬಿ

ನಮ್ಮ ಅಂಗಡಿಯಲ್ಲಿ ಹೆಸರಿರುವುದು ಕುರ್ಚಿಗಳಿಗೆ. ಹೆಂಗಸರ ಕೂದಲು ಕತ್ತರಿಸುವ, ಬಣ್ಣ ಹಚ್ಚುವ ಅಂಗಡಿ ನಮ್ಮದು. ಮೊದಲನೇ ಕುರ್ಚಿ ತಾವರೆ, ಎರಡನೆಯದು ಗುಲಾಬಿ, ಮೂರನೆಯದು ಸೂರ್ಯಕಾಂತಿ. ಕುರ್ಚಿಯ ಹಿಂದೆ ಯಾರು ನಿಲ್ಲುತ್ತಾರೋ ಅವರ ಎದೆಯ ಮೇಲೆ ಆ ಹೂವಿನ ಬಿಲ್ಲೆ. ನಾನು ತಾವರೆ. ನನ್ನ ಮೈಕಟ್ಟು ನೋಡಿ ಕುಂಬಳಕಾಯಿ ಎಂದಿದ್ದರೂ ಒಪ್ಪಿಕೊಳ್ಳುತ್ತಿದ್ದೆ. ಕೆಲಸಕ್ಕೆ ಸೇರಿದ ದಿನ ನನ್ನ ಹೆಸರು ಹೇಳಿದ್ದಕ್ಕೆ ಅಂಗಡಿಯ ಒಡತಿ ಮೇಡಂ ಒಮ್ಮೆ ಅನ್ನಲು ನೋಡಿ, ನಾಲಿಗೆ ಹೊರಳುವುದಿಲ್ಲ ಎಂದು ಬಿಲ್ಲೆ ಚುಚ್ಚಿಯೇಬಿಟ್ಟರು. ಅವರ ನಾಯಿಗೆ ಮಾರುದ್ದದ ಹೆಸರಿದೆ. ಅದಕ್ಕೆ ಮಾತ್ರ ನಾಲಿಗೆ ಚೆನ್ನಾಗಿಯೇ ಹೊರಳುತ್ತದೆ.

ಗಿರಾಕಿಗಳೂ ಕಡಿಮೆಯವರಲ್ಲ. ಹಳೆಯ ಗುಲಾಬಿ ಮದುವೆಯಾಗಿ ಹೋಗಿ ಈಗಿನವಳು ಬಂದ ಹೊಸತರಲ್ಲಿ, ವಕೀಲರೊಬ್ಬರ ಹೆಂಡತಿ ಕನ್ನಡಿಯಲ್ಲಿ ಇವಳನ್ನು ನೋಡಿ, ಏನು ಗುಲಾಬಿ ಇಷ್ಟೊಂದು ಇಳಿದುಹೋಗಿದ್ದೀಯ ಎಂದು ಕೇಳಿದರು. ಇಬ್ಬರಿಗೂ ಒಂದು ಗೇಣು ಎತ್ತರದ ವ್ಯತ್ಯಾಸ, ಬಣ್ಣ ಬೇರೆ, ಮೂಗು ಬೇರೆ. ನನಗೆ ಮೈಯೆಲ್ಲ ಉರಿದುಹೋಯಿತು. ಇವಳು ಮಾತ್ರ ನಗುತ್ತಾ, ಡಯೆಟ್ ಮಾಡುತ್ತಿದ್ದೇನೆ ಎಂದಳು.

ಹಿಂದಿನ ಕೋಣೆಯಲ್ಲಿ, ಒದ್ದೆ ಟವೆಲುಗಳ ನಡುವೆ ಊಟದ ಡಬ್ಬಿ ಬಿಚ್ಚಿ ಕೂತಾಗ ಮಾತ್ರ ನಾವು ಮೂವರೂ ನಮ್ಮ ನಮ್ಮ ಹೆಸರಿಗೆ ಮರಳುತ್ತಿದ್ದೆವು. ಮೂವರೂ ಮೂರು ದಿಕ್ಕಿನವರು. ನಮ್ಮವರಲ್ಲಿ ಸಾಲಾಗಿ ಹೆಣ್ಣು ಹುಟ್ಟಿದರೆ ಒಂದಕ್ಕೆ ‘ಸಾಕು’ ಎಂಬ ಅರ್ಥದ ಹೆಸರಿಡುತ್ತಾರೆ. ಆ ಸಾಕು ನಾನೇ. ಆಮೇಲೂ ಇಬ್ಬರು ತಂಗಿಯರು ಹುಟ್ಟಿದರು, ನನ್ನ ಹೆಸರನ್ನು ದೇವರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸೂರ್ಯಕಾಂತಿಯ ಜನ, ಹೆತ್ತವಳು ಮೊದಲು ಕಣ್ಣು ಬಿಟ್ಟಾಗ ಕಂಡದ್ದನ್ನೇ ಮಗುವಿಗೆ ಹೆಸರಾಗಿ ಇಡುತ್ತಾರಂತೆ. ಅವಳ ಹೆಸರಿನ ಅರ್ಥ ‘ಏಣಿ’. ಸದ್ಯ, ಎದುರಿಗೆ ಅತ್ತೆ ನಿಂತಿರಲಿಲ್ಲವಲ್ಲ ಎಂದು ನಗುತ್ತಿದ್ದೆವು. ಗುಲಾಬಿ ತನ್ನ ಹೆಸರನ್ನು ಹೇಳಿದ್ದಳು, ಅರ್ಥ ಕೇಳಿದರೆ ನಾಚಿ ಮಾತು ಬದಲಿಸುತ್ತಿದ್ದಳು. ಎರಡೇ ಎರಡು ಅಕ್ಷರದ ಹೆಸರು. ಅದನ್ನೂ ಕೇಳುವ ತಾಳ್ಮೆ ಮೇಡಂಗೆ ಇರಲಿಲ್ಲ.

ಬುಧವಾರ ಮಧ್ಯಾಹ್ನ ಗುಲಾಬಿ ತಲೆ ತೊಳೆಯುವ ಬೇಸಿನ್ ಹತ್ತಿರ ಸೋಪಿನ ನೀರಿನ ಮೇಲೆ ಕಾಲಿಟ್ಟು ಜಾರಿದಳು. ಬೇಸಿನ್ನಿನ ಅಂಚು ತಲೆಗೆ ಬಡಿದು ಪ್ರಜ್ಞೆ ತಪ್ಪಿತು. ಮೇಡಂ ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಸೇರಿಸಿ, ಸಂಜೆ ಅಳುತ್ತಾ ಬಂದರು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಐಸಿಯುನಲ್ಲಿದ್ದಾಳೆ, ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ, ಎಷ್ಟು ಕರೆದರೂ ಕಣ್ಣು ತೆರೆಯುತ್ತಿಲ್ಲ ಎಂದರು. ಮನೆಯವರಿಗೆ ತಿಳಿಸಬೇಕಲ್ಲ ಎಂದೆ. ಆಸ್ಪತ್ರೆಯವರು ನೋಡಿಕೊಳ್ಳುತ್ತಾರೆ ಎಂದರು. ಅವಳ ಫೋನು ನೀರಿಗೆ ಬಿದ್ದು ಕೆಟ್ಟುಹೋಗಿತ್ತು, ಅವಳ ತಾಯಿಯ ನಂಬರು ನಮ್ಮಲ್ಲಿ ಯಾರ ಬಳಿಯೂ ಇರಲಿಲ್ಲ. ಗುರುವಾರವೂ ಅದೇ ಸುದ್ದಿ. ಕಣ್ಣು ತೆರೆದಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಬ್ಯಾಂಕಿನ ಮ್ಯಾನೇಜರಮ್ಮನ ಅರ್ಧ ತಲೆಗೆ ಬಣ್ಣ ಹಚ್ಚಿದ್ದೆ. ಗಾಜಿನ ಬಾಗಿಲು ತಳ್ಳಿಕೊಂಡು ಒಬ್ಬ ವಯಸ್ಸಾದ ಹೆಂಗಸು ಬಂದರು. ಕೈಚೀಲವನ್ನು ಎದೆಗವಚಿಕೊಂಡು ಮೇಡಂ ಹತ್ತಿರ ಏನೋ ಕೇಳಿದರು, ಹೊರಟುಹೋದರು. ಡ್ರೈಯರಿನ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಯಾರದು ಎಂದು ವಿಚಾರಿಸಿದೆ. ಮಗಳನ್ನು ಹುಡುಕಿಕೊಂಡು ಬಂದಿದ್ದಾರೆ, ಆಸ್ಪತ್ರೆಯಲ್ಲೂ ಆ ಹೆಸರಿನವರು ಇಲ್ಲ ಅಂದರಂತೆ, ಪಾಪ, ಇಲ್ಲೂ ಇಲ್ಲ ಎಂದು ಹೇಳಿ ಕಳಿಸಿದೆ ಎಂದು ಮೇಡಂ ಆ ಹೆಸರನ್ನೂ ಹೇಳಿದರು. ಒಂದಿಷ್ಟೂ ತೊದಲಲಿಲ್ಲ. ಅದು ಗುಲಾಬಿಯ ಹೆಸರು.

“ಮೇಡಂ, ಅದು ನಮ್ಮ ಗುಲಾಬಿ ಹೆಸರು. ಆಸ್ಪತ್ರೇಲಿ ಏನಂತ ಬರೆಸಿದ್ರಿ?”

“ಗುಲಾಬಿ ಅಂತ. ನಂಗೆ ಗೊತ್ತಿರೋದು ಅದೇ ತಾನೆ?”

ಮೂರು ವರ್ಷ! ಮೂರು ವರ್ಷ ಇದೇ ನೆಲದ ಮೇಲೆ ನಿಂತು ಕಾಲು ಊದಿಸಿಕೊಂಡವಳ ಹೆಸರು ಈ ಹೆಂಗಸಿಗೆ ಗೊತ್ತಿಲ್ಲ. ಯಾವ ಗಿರಾಕಿ ಯಾವ ತಿಂಗಳು ಯಾವ ಬಣ್ಣ ಹಚ್ಚಿಸಿಕೊಂಡಳು ಎಂಬುದು ಮಾತ್ರ ಬಾಯಿಪಾಠ. ಹೆತ್ತ ತಾಯಿ ಬಂದು ಬಾಗಿಲಲ್ಲಿ ನಿಂತರೆ, ಅಂಥವರು ಇಲ್ಲಿಲ್ಲ ಎಂದು ಕಳಿಸಿದ ಬಾಯಿಗೆ ಏನು ಹೇಳುವುದು? ನನಗೆ ಬಂದ ಸಿಟ್ಟಿಗೆ ಬಣ್ಣದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ ಓಡಿದೆ. ನನ್ನ ತಲೆ, ನನ್ನ ತಲೆ ಎಂದು ಮ್ಯಾನೇಜರಮ್ಮ ಹಿಂದಿನಿಂದ ಕಿರುಚಿದರು. ಅವರ ತಲೆ ಎಲ್ಲಿಗೂ ಓಡಿಹೋಗುವುದಿಲ್ಲ.

ಆ ತಾಯಿ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ನಾನು ಮಗಳ ಹೆಸರು ಹೇಳಿದ್ದೇ ತಡ, ಬಣ್ಣ ಮೆತ್ತಿದ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಟ್ಯಾಕ್ಸಿ ಹತ್ತಿದೆವು. ಎರಡು ರಾತ್ರಿ ಮಗಳ ಫೋನು ಬರಲಿಲ್ಲವೆಂದು ಬಸ್ಸು ಹಿಡಿದು ಬಂದರಂತೆ, ಬಾಡಿಗೆ ಕೋಣೆಯಲ್ಲಿ ಅವಳ ಜೊತೆಗಿದ್ದವಳು, ಮಗಳು ಬಿದ್ದ ಸುದ್ದಿಯನ್ನೂ ಆಸ್ಪತ್ರೆಯ ಹೆಸರನ್ನೂ ಹೇಳಿದಳಂತೆ. ಆಸ್ಪತ್ರೆಯಲ್ಲಿ ಹೆಸರೇ ಇಲ್ಲ ಎಂದಾಗ, ಮಗಳು ಹೋಗಿಬಿಟ್ಟಳು, ನನಗೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡರಂತೆ. ಏನೋ ತಪ್ಪಾಗಿದೆ ಅಮ್ಮಾ, ಇದ್ದಾಳೆ ಎಂದೆ. ಅಂಗಡಿಯಲ್ಲಿ ಅವಳನ್ನು ಹೂವಿನ ಹೆಸರಿನಿಂದ ಕರೆಯುವ ವಿಷಯ ಹೇಳಲು ಬಾಯಿ ಬರಲಿಲ್ಲ. ಎದೆಯ ಮೇಲಿನ ಬಿಲ್ಲೆಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

ಹೊರಗೆ ನೋಡುತ್ತಾ ಅವರೇ ಮಾತಾಡಿದರು. ಇವಳಿಗಿಂತ ಮೊದಲು ಹುಟ್ಟಿದ ಎರಡೂ ಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡವು. ಇವಳು ಹುಟ್ಟಿದಾಗ ಹೆಸರನ್ನು ಅವರೇ ಯೋಚಿಸಿ ಇಟ್ಟರಂತೆ.

“ನಮ್ಮ ಭಾಷೇಲಿ ಅದಕ್ಕೆ ‘ಹೋಗಬೇಡ, ಇರು’ ಅಂತ ಅರ್ಥ, ತಾಯಿ. ದಿನಾ ಹಾಗೆ ಕರೆದೂ ಕರೆದೂ ಉಳಿಸ್ಕೊಂಡೆ.”

ಎರಡು ದಿನದಿಂದ ಆ ಹುಡುಗಿಗೆ ಯಾರೂ ‘ಇರು’ ಎಂದಿಲ್ಲ. ಗುಲಾಬಿ, ಗುಲಾಬಿ ಎಂದು ಗಿರಾಕಿ ಕೂಗಿದಂತೆ ಕೂಗಿದ್ದಾರೆ.

ಆಸ್ಪತ್ರೆಯಲ್ಲಿ ಅವರನ್ನು ದೂರದ ಬೆಂಚಿನ ಮೇಲೆ ಕೂರಿಸಿ ಕೌಂಟರಿನವನ ಜೊತೆ ಜಗಳಕ್ಕೆ ನಿಂತೆ. ಬೇರೆ ಹೆಸರಿನ ರೋಗಿಯ ಹತ್ತಿರ ಇವರನ್ನು ಹೇಗೆ ಬಿಡುವುದು ಎಂದ. ಹೆಸರು ಬೇರೆಯಲ್ಲ, ನೀವು ಬರೆದುಕೊಂಡದ್ದು ಕುರ್ಚಿಯದ್ದು ಎಂದೆ. ಇವಳಿಗೆ ತಲೆ ಕೆಟ್ಟಿದೆ ಎನ್ನುವಂತೆ ನೋಡಿದ. ಕೊನೆಗೆ ನನ್ನ ಗಂಟಲು ಕೇಳಿ ಐಸಿಯು ನರ್ಸ್ ಹೊರಗೆ ಬಂದಳು. ಒಳ್ಳೆಯ ಹುಡುಗಿ. ತಲೆಯ ಪೆಟ್ಟು ಅಷ್ಟೇನೂ ಆಳವಿಲ್ಲ, ಇಷ್ಟು ಹೊತ್ತಿಗೆ ಎಚ್ಚರವಾಗಬೇಕಿತ್ತು, ಆದರೆ ಹೆಸರು ಹಿಡಿದು ಕರೆದರೂ ಓಗೊಡುತ್ತಿಲ್ಲ ಎಂದಳು. ಯಾಕೆ ಓಗೊಡಬೇಕು? ಬೆಳಗಿನಿಂದ ಸಂಜೆಯವರೆಗೆ ನಿಂತು ಆ ಹೆಸರಿಗೆ ಓಗೊಟ್ಟವಳು, ಮಲಗಿದ ಮೇಲೂ ಓಗೊಡಬೇಕೇ? ಇದನ್ನು ನಾನು ಜೋರಾಗಿಯೇ ಹೇಳಿದೆ. ನರ್ಸ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ, ತಾಯಿಯನ್ನು ಒಳಗೆ ಕರೆದುಕೊಂಡು ಹೋದಳು.

ಅವರು ಅಳಲಿಲ್ಲ. ಚೀಲ ಕೆಳಗಿಟ್ಟು, ಮಗಳ ಕಿವಿಯ ಹತ್ತಿರ ಬಗ್ಗಿ ಹೆಸರು ಕರೆದರು. ಹೊತ್ತಾಯಿತು ಏಳು ಎಂದು ಮನೆಯಲ್ಲಿ ಎಬ್ಬಿಸುವ ದನಿಯಲ್ಲೇ ಮತ್ತೆ ಕರೆದರು. ಮತ್ತೆ ಕರೆದರು. ಹಾಸಿಗೆಯ ಮೇಲಿನ ಬೆರಳು ಅಲುಗಿತು. ರೆಪ್ಪೆ ನಡುಗಿ ಅರ್ಧ ತೆರೆಯಿತು, ನೋಟ ತಾಯಿಯ ಮುಖದ ಮೇಲೆ ನಿಂತಿತು.

ನರ್ಸ್ ಖುಷಿಯಿಂದ, ಒಳಗೇ ಆಚೆ ನಿಂತಿದ್ದ ಡಾಕ್ಟರ ಕಡೆಗೆ ತಿರುಗಿದಳು. “ಸರ್, ಗುಲಾಬಿ ಕಣ್ಣು ಬಿಟ್ಟಳು.”

ತಾಯಿ ಮಗಳ ಕೈ ಬಿಡದೆಯೇ ತಲೆಯೆತ್ತಿ, ಪಕ್ಕದ ಮಂಚವನ್ನೂ ಅದರಾಚೆಯ ಮಂಚವನ್ನೂ ನೋಡಿದರು. ಆಮೇಲೆ ನನ್ನನ್ನು ಕೇಳಿದರು.

“ಆ ಗುಲಾಬಿ ಯಾರ ಮಗಳು, ತಾಯಿ? ಪಾಪ, ಅವಳ ಮನೆಯವ್ರು ಯಾರೂ ಬಂದಿಲ್ವಾ?”